ರೂಟ್ ಕೆನಾಲ್: ನೋವು ನಿಂತ ಮೇಲೂ ಕೆಲಸ ಬಾಕಿ ಇರುತ್ತದೆ

ಮಲಗಿದ ಮೇಲೆ ದವಡೆ ಹಲ್ಲು ಮಿಡಿಯಲು ಶುರುವಾಗುತ್ತದೆ. ಎದ್ದು ಕೂತರೆ ತುಸು ಕಡಿಮೆ, ತಲೆ ದಿಂಬಿಗೆ ತಾಗಿದರೆ ಮತ್ತೆ ಜಾಸ್ತಿ. ಬಿಸಿ ಕಾಫಿ ತಗುಲಿದರೆ ನೋವು ಕಿವಿಯವರೆಗೆ ಎಳೆಯುತ್ತದೆ. ತಣ್ಣೀರು ಬಾಯಲ್ಲಿಟ್ಟುಕೊಂಡರೆ ಮಾತ್ರ ಕೊಂಚ ಹಾಯೆನಿಸುತ್ತದೆ. ಹೀಗೆ ರಾತ್ರಿಯಿಡೀ ನೀರಿನ ಬಾಟಲಿ ಹಿಡಿದು ಕೂತು, ಬೆಳಗಾಗುತ್ತಲೇ ಹಲ್ಲಿನ ಡಾಕ್ಟರನ್ನು ಹುಡುಕಿಕೊಂಡು ಬರುವವರು ಬಹಳ. ಅಷ್ಟು ನೋವು ತಿಂದು ಬಂದವರೂ ‘ರೂಟ್ ಕೆನಾಲ್ ಮಾಡಬೇಕಾಗುತ್ತದೆ’ ಎಂದ ಕೂಡಲೇ ‘ಬೇಡ ಡಾಕ್ಟ್ರೇ, ಕಿತ್ತುಬಿಡಿ’ ಎನ್ನುತ್ತಾರೆ. ಪಕ್ಕದ ಮನೆಯವರಿಗೆ, ಆಫೀಸಿನ ಗೆಳೆಯರಿಗೆ ಏನೋ ಆಯಿತಂತೆ ಎಂದು ಕೇಳಿದ್ದೆಲ್ಲ ಆಗ ನೆನಪಾಗುತ್ತದೆ.

ಅಂಥ ಮಾತುಗಳಲ್ಲಿ ಬರುವ ನೋವು ಹೆಚ್ಚಿನಂಶ ಚಿಕಿತ್ಸೆಗೆ ಮುಂಚಿನದು, ರೋಗದ್ದು. ಸರಿಯಾಗಿ ಮರಗಟ್ಟಿಸಿ ಮಾಡಿದ ರೂಟ್ ಕೆನಾಲ್ ಹಲ್ಲಿಗೆ ಸಿಮೆಂಟ್ ತುಂಬಿಸಿಕೊಂಡಷ್ಟೇ ಸಹ್ಯ. ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ. ದಂತವೈದ್ಯನಾಗಿ ನನಗಿರುವ ಚಿಂತೆ ಬೇರೆ. ಹಲ್ಲುನೋವು ಎರಡು ಸಲ ಜನರನ್ನು ದಾರಿ ತಪ್ಪಿಸುತ್ತದೆ. ಹಲ್ಲಿನ ನರ ಸತ್ತಾಗ ತಾನಾಗಿಯೇ ನಿಲ್ಲುತ್ತದೆ. ಮೊದಲ ಸಿಟ್ಟಿಂಗ್ ಮುಗಿದಾಗ ಇನ್ನೊಮ್ಮೆ ನಿಲ್ಲುತ್ತದೆ. ಎರಡು ಸಲವೂ ‘ವಾಸಿಯಾಯಿತು’ ಎಂದುಕೊಂಡು ಮನೆಯಲ್ಲೇ ಉಳಿದವರು ಹಲ್ಲು ಕಳೆದುಕೊಳ್ಳುತ್ತಾರೆ.

ಹಲ್ಲಿನೊಳಗೆ ಆಗಿರುವುದೇನು?

ಹಲ್ಲಿನ ಹೊರಪದರವಾದ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದದ್ದು. ಅದರೊಳಗೆ ಡೆಂಟಿನ್, ನಟ್ಟನಡುವೆ ಮೆತ್ತನೆಯ ತಿರುಳು. ನರ, ರಕ್ತನಾಳ ಎಲ್ಲ ಇರುವುದು ಈ ತಿರುಳಿನಲ್ಲಿ. ಅದು ಬೇರಿನ ಸಪೂರ ಕಾಲುವೆಗಳಲ್ಲಿ ಇಳಿದು, ತುದಿಯ ಸಣ್ಣ ರಂಧ್ರದ ಮೂಲಕ ದವಡೆ ಮೂಳೆಯ ಕಡೆ ಸಾಗುತ್ತದೆ. ಹುಳುಕು ತಿರುಳನ್ನು ಮುಟ್ಟಿದಾಗ ಅಲ್ಲಿ ಉರಿಯೂತ ಏಳುತ್ತದೆ. ಬೆರಳಿಗೆ ಪೆಟ್ಟಾದರೆ ಊದಿಕೊಳ್ಳಲು ಜಾಗವಿದೆ. ಗಟ್ಟಿ ಗೋಡೆಗಳ ನಡುವೆ ಸಿಕ್ಕಿಬಿದ್ದ ತಿರುಳಿಗೆ ಆ ಜಾಗವಿಲ್ಲ. ಹಲ್ಲುನೋವು ಅಷ್ಟು ಘೋರವಾಗಲು ಇದೊಂದು ಕಾರಣ.

ತಣ್ಣನೆಯದು ತಾಗಿದಾಗ ಜುಮ್ಮೆಂದು, ಕೆಲವೇ ಕ್ಷಣದಲ್ಲಿ ಹೋಗಿಬಿಟ್ಟರೆ ತಿರುಳು ಇನ್ನೂ ಚೇತರಿಸಿಕೊಳ್ಳಬಲ್ಲದು. ಆಗ ಹುಳುಕು ತೆಗೆದು ಸಿಮೆಂಟ್ ತುಂಬಿದರೆ ಸಾಕಾಗಬಹುದು. ಜುಮ್ಮೆಂದದ್ದು ನಿಮಿಷಗಟ್ಟಲೆ ಉಳಿದರೆ, ಏನೂ ತಾಗದೆ ತಾನಾಗಿ ನೋವು ಎದ್ದರೆ, ನಿದ್ದೆಯಿಂದ ಎಬ್ಬಿಸಿದರೆ ತಿರುಳು ಮರಳಿ ಸರಿಹೋಗುವ ಹಂತ ದಾಟಿದೆ ಎಂದೇ ಸಾಮಾನ್ಯವಾಗಿ ಅರ್ಥ. ಹೀಗೆ ಕೆಲವು ದಿನ, ಕೆಲವು ವಾರ ಕಾಡಿದ ನೋವು ಒಂದು ದಿನ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ತಿರುಳು ಸತ್ತಿರುತ್ತದೆ, ನೋವು ತಿಳಿಸುವ ನರವೇ ಅಲ್ಲಿರುವುದಿಲ್ಲ. ಬ್ಯಾಕ್ಟೀರಿಯಾ ಮಾತ್ರ ಒಳಗೊಳಗೇ ಬೇರಿನ ತುದಿಗೆ ಇಳಿದು ಮೂಳೆಯನ್ನು ಕರಗಿಸುತ್ತಿರುತ್ತದೆ. ತಿಂಗಳುಗಳ ನಂತರ ವಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು ಕೀವು ಸೋರಬಹುದು, ಅಥವಾ ಒಂದು ಬೆಳಗ್ಗೆ ಕೆನ್ನೆ ಊದಿಕೊಂಡಿರಬಹುದು.

ಮೆಡಿಕಲ್ ಶಾಪಿನಿಂದ ತಂದು ನುಂಗುವ ಆ್ಯಂಟಿಬಯೋಟಿಕ್ ಬಗ್ಗೆ ಇಲ್ಲೇ ಹೇಳಿಬಿಡಬೇಕು. ತಿರುಳಿನ ಉರಿಯೂತದ ನೋವನ್ನು ಅದು ಕಡಿಮೆ ಮಾಡುವುದಿಲ್ಲ. ತಿರುಳು ಸತ್ತ ಮೇಲೆ ಅಲ್ಲಿಗೆ ರಕ್ತ ಹರಿಯುವುದೇ ನಿಂತಿರುತ್ತದೆ, ರಕ್ತದಲ್ಲಿ ಹೋಗುವ ಔಷಧ ತಲುಪುವುದಾದರೂ ಹೇಗೆ? ಆರೋಗ್ಯವಂತ ವಯಸ್ಕರ ಇಂಥ ಹಲ್ಲುನೋವಿಗೆ ಆ್ಯಂಟಿಬಯೋಟಿಕ್ ಬೇಡ ಎಂದು ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಜ್ವರವಿದ್ದಾಗ, ಊತ ಹರಡುತ್ತಿರುವಾಗ ಡಾಕ್ಟರೇ ಬರೆದುಕೊಡುತ್ತಾರೆ.

ಲವಂಗದ ಎಣ್ಣೆಯಲ್ಲಿ ಹತ್ತಿ ಅದ್ದಿ ಹುಳುಕಿನೊಳಗಿಟ್ಟರೆ ಒಂದು ರಾತ್ರಿ ಕಳೆಯಲು ನೆರವಾದೀತು, ವಸಡಿಗೆ ಹೆಚ್ಚು ತಾಗಿಸಬೇಡಿ. ಹೊಗೆಸೊಪ್ಪು, ಸುಣ್ಣ, ಪುಡಿ ಮಾಡಿದ ಆಸ್ಪಿರಿನ್ ಮಾತ್ರೆ ಇವನ್ನು ಮಾತ್ರ ಖಂಡಿತ ಇಡಬಾರದು. ವಸಡು, ಕೆನ್ನೆಯ ಒಳಪದರ ಸುಟ್ಟುಹೋಗುತ್ತದೆ.

ಊತ ಕಣ್ಣಿನವರೆಗೆ ಏರಿದರೆ, ಗದ್ದದಡಿಯಿಂದ ಕುತ್ತಿಗೆಗೆ ಇಳಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಕ್ಲಿನಿಕ್ ಬಾಗಿಲು ತೆರೆಯುವವರೆಗೆ ಕಾಯಬೇಡಿ. ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಉಸಿರಿನ ದಾರಿ ಮುಚ್ಚುವ ಅಪಾಯ ಇದರಲ್ಲಿದೆ.

ಮನೆಯಿಂದ ಹೊರಡುವ ಮುನ್ನ

ತಿಂಡಿ ತಿಂದು ಹೋಗಿ. ಖಾಲಿ ಹೊಟ್ಟೆಯಲ್ಲಿ, ಹೆದರಿಕೆಯಲ್ಲಿ ಇಂಜೆಕ್ಷನ್ ತೆಗೆದುಕೊಂಡು ತಲೆ ಸುತ್ತಿ ಬೀಳುವವರಿದ್ದಾರೆ. ಆಮೇಲೆ ಎರಡು ಮೂರು ಗಂಟೆ ತುಟಿ ಮರಗಟ್ಟಿರುವುದರಿಂದ ಊಟವೂ ತಡವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಮಾತ್ರೆ ಅಥವಾ ಇನ್ಸುಲಿನ್ ತಪ್ಪಿಸದೆ, ತಿಂಡಿಯನ್ನೂ ತಪ್ಪಿಸದೆ ಬರಬೇಕು.

ನೀವು ದಿನವೂ ನುಂಗುವ ಮಾತ್ರೆಗಳ ಪಟ್ಟಿ ಜೊತೆಗಿರಲಿ; ಹೆಸರು ಗೊತ್ತಿಲ್ಲದಿದ್ದರೆ ಮಾತ್ರೆಯ ಶೀಟನ್ನೇ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವುದು ಅಪಾಯ; ರೂಟ್ ಕೆನಾಲ್‌ಗೆ ಸಾಮಾನ್ಯವಾಗಿ ಅದನ್ನು ನಿಲ್ಲಿಸಬೇಕಾಗಿಯೂ ಇಲ್ಲ. ಹೃದಯದ ಕವಾಟ ಬದಲಿಸಿಕೊಂಡವರು, ಪೆನಿಸಿಲಿನ್ ಅಲರ್ಜಿ ಇರುವವರು ಕುರ್ಚಿ ಹತ್ತುವ ಮೊದಲೇ ತಿಳಿಸಬೇಕು. ಮೂಳೆ ಸವೆತಕ್ಕೆ ಇಂಜೆಕ್ಷನ್ ತೆಗೆದುಕೊಳ್ಳುವವರು ಕೂಡ. ಅಂಥವರಲ್ಲಿ ಹಲ್ಲು ಕಿತ್ತ ಗಾಯ ಮಾಯದೆ ಉಳಿಯುವ ಸಂಭವವಿರುವುದರಿಂದ, ಕೀಳುವುದಕ್ಕಿಂತ ರೂಟ್ ಕೆನಾಲ್ ಮಾಡುವುದೇ ಮೇಲು. ಗರ್ಭಿಣಿಯರಿಗೂ ಈ ಚಿಕಿತ್ಸೆ ಮಾಡಬಹುದು, ನಾಲ್ಕರಿಂದ ಆರನೇ ತಿಂಗಳು ಹೆಚ್ಚು ಅನುಕೂಲದ ಕಾಲ. ತೀವ್ರ ನೋವು, ಕೀವು ಇದ್ದರೆ ಆ ತಿಂಗಳಿಗಾಗಿ ಕಾಯುವುದೂ ಬೇಡ.

ನೋವಿನ ಮಾತ್ರೆ ನುಂಗಿ ಬಂದಿದ್ದರೆ ಹೇಳಿಬಿಡಿ. ಅದು ಪರೀಕ್ಷೆಯ ಫಲಿತಾಂಶವನ್ನೇ ಮರೆಮಾಚುತ್ತದೆ.

ಯಾವ ಹಲ್ಲು ಎಂದು ಪತ್ತೆ ಮಾಡುವುದು

ನೋವು ಕೆಳಗಿನ ಹಲ್ಲಿನದೆಂದು ನಿಮಗೆ ಖಚಿತವಾಗಿದ್ದರೂ ಮೂಲ ಮೇಲಿನ ಹಲ್ಲಿನಲ್ಲಿರಬಹುದು. ಅದಕ್ಕೇ ಡಾಕ್ಟರು ಒಂದೊಂದೇ ಹಲ್ಲಿಗೆ ತಣ್ಣನೆಯ ಹತ್ತಿ ತಾಗಿಸಿ ನೋಡುತ್ತಾರೆ, ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾರೆ, ಆಮೇಲೆ ಎಕ್ಸ್-ರೇ. ಹಲ್ಲಿನ ಸಣ್ಣ ಎಕ್ಸ್-ರೇಯಲ್ಲಿ ಸಿಗುವ ವಿಕಿರಣ ಪ್ರಕೃತಿಯಿಂದ ನಮಗೆ ದಿನವೊಂದರಲ್ಲಿ ಸಿಗುವಷ್ಟೂ ಇರುವುದಿಲ್ಲ. ಚಿಕಿತ್ಸೆಯ ನಡುವೆ ಇನ್ನೂ ಎರಡು ಮೂರು ಸಲ ಅದನ್ನು ತೆಗೆಯಬೇಕಾಗುತ್ತದೆ, ಗಾಬರಿ ಬೇಡ.

ಒಪ್ಪಿಗೆ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ: ತಿರುಳನ್ನು ಪೂರ್ತಿ ತೆಗೆಯಲೇಬೇಕೇ, ಮೇಲ್ಭಾಗ ಮಾತ್ರ ತೆಗೆದು ಔಷಧ ಇಟ್ಟು ಉಳಿಸಬಹುದೇ? ಎಷ್ಟು ಸಿಟ್ಟಿಂಗ್? ಹೇಳಿದ ಖರ್ಚಿನಲ್ಲಿ ಕ್ಯಾಪ್ (ಕೊನೆಗೆ ಹಲ್ಲಿನ ಮೇಲೆ ಕೂರಿಸುವ ಕವಚ) ಸೇರಿದೆಯೇ? ಕೊನೆಯದನ್ನು ಕೇಳದೆ ಮುಂದುವರಿದು, ಅರ್ಧದಲ್ಲಿ ಹಣ ಸಾಲದೆ ಕ್ಯಾಪ್ ಬಿಟ್ಟವರೇ ಹೆಚ್ಚು. ಅಂದಾಜನ್ನು ಬರೆದುಕೊಡಲು ಕೇಳುವುದರಲ್ಲಿ ಸಂಕೋಚ ಬೇಡ.

‘ಮೇಲಿನ ಹಲ್ಲಿನ ನರ ತೆಗೆದರೆ ಕಣ್ಣು ಹೋಗುತ್ತದಂತೆ’ ಎಂಬ ಮಾತು ಹಳ್ಳಿ, ಪಟ್ಟಣ ಎರಡರಲ್ಲೂ ಇದೆ. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ರೂಟ್ ಕೆನಾಲ್‌ನಿಂದ ದೃಷ್ಟಿಗೆ ಧಕ್ಕೆಯಿಲ್ಲ.

ಹಲ್ಲು ಕೀಳಿಸುವುದೇ ಸರಿಯಾದ ದಾರಿಯಾಗುವ ಸಂದರ್ಭಗಳೂ ಉಂಟು. ಬೇರು ಉದ್ದಕ್ಕೆ ಸೀಳಿದ್ದರೆ, ವಸಡಿನ ಮೇಲೆ ಹಲ್ಲು ಉಳಿದೇ ಇಲ್ಲವಾದರೆ, ಅಥವಾ ಅದು ಉಪಯೋಗಕ್ಕೆ ಬಾರದ ಬುದ್ಧಿಹಲ್ಲಾದರೆ ಕೀಳುವುದೇ ಒಳ್ಳೆಯದು. ಉಳಿದಂತೆ, ಕಿತ್ತ ಜಾಗ ಖಾಲಿ ಬಿಟ್ಟರೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಇಳಿಯುತ್ತದೆ. ಅಲ್ಲಿಗೆ ಇಂಪ್ಲಾಂಟ್ ಅಥವಾ ಬ್ರಿಡ್ಜ್ ಎಂಬ ಕೃತಕ ಹಲ್ಲು ಹಾಕಿಸಲು ಹೊರಟರೆ ಖರ್ಚು ಸಾಮಾನ್ಯವಾಗಿ ರೂಟ್ ಕೆನಾಲ್‌ಗಿಂತ ಹೆಚ್ಚೇ.

ಕುರ್ಚಿಯ ಮೇಲೆ

ಮೊದಲು ವಸಡಿಗೆ ಜೆಲ್ ಸವರಿ, ಆಮೇಲೆ ಲಿಗ್ನೊಕೇನ್ ಇಂಜೆಕ್ಷನ್. 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಈ ಔಷಧ ಇಂದಿಗೂ ದಂತವೈದ್ಯರ ಮುಖ್ಯ ಆಸರೆ. ಜೊತೆಗೆ ಅಡ್ರಿನಲಿನ್ ಬೆರೆತಿರುವುದರಿಂದ ಒಂದೆರಡು ನಿಮಿಷ ಎದೆ ಢವಢವ ಎನ್ನಬಹುದು, ತನ್ನಷ್ಟಕ್ಕೇ ಇಳಿಯುತ್ತದೆ. ಕೆಳದವಡೆಯಾದರೆ ಅರ್ಧ ತುಟಿ, ಕೆಲವೊಮ್ಮೆ ನಾಲಿಗೆಯ ಅರ್ಧ ಭಾಗ ದಪ್ಪಗಾದಂತೆ ಅನಿಸುತ್ತದೆ.

ಇಲ್ಲೊಂದು ಸತ್ಯವನ್ನು ಮುಚ್ಚಿಡಬಾರದು. ರಾತ್ರಿಯಿಡೀ ಮಿಡಿದ ಕೆಳಗಿನ ದವಡೆ ಹಲ್ಲು ಒಂದೇ ಇಂಜೆಕ್ಷನ್‌ಗೆ ಬಗ್ಗದೇ ಇರಬಹುದು. ತುಟಿ ಪೂರ್ತಿ ಮರಗಟ್ಟಿದ್ದರೂ ಡ್ರಿಲ್ ತಿರುಳಿನ ಹತ್ತಿರ ಬಂದಾಗ ಚುಳ್ಳೆನ್ನುತ್ತದೆ. ಉರಿಯೂತದ ನರದ ಸ್ವಭಾವವೇ ಹಾಗೆ. ಹಲ್ಲು ಕಚ್ಚಿ ಸಹಿಸಬೇಡಿ. ಎಡಗೈ ಎತ್ತಿದರೆ ನಿಲ್ಲಿಸಬೇಕೆಂದು ಡಾಕ್ಟರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಬೇರಿನ ಪಕ್ಕಕ್ಕೆ ಅಥವಾ ನೇರ ತಿರುಳಿಗೇ ಇನ್ನೊಂದು ಇಂಜೆಕ್ಷನ್ ಕೊಟ್ಟು ಮುಂದುವರಿಯುವ ಉಪಾಯಗಳಿವೆ. ಸದ್ದು, ಅದುರುವುದು, ಒತ್ತಡ ತಿಳಿಯುತ್ತಲೇ ಇರುತ್ತದೆ. ಅದು ನೋವಲ್ಲ ಎಂದು ಮೊದಲ ಐದು ನಿಮಿಷದಲ್ಲೇ ನಿಮಗೆ ಗೊತ್ತಾಗುತ್ತದೆ.

ಮುಂದಿನದು ರಬ್ಬರ್ ಡ್ಯಾಮ್. ತೆಳು ರಬ್ಬರ್ ಹಾಳೆಗೆ ತೂತು ಮಾಡಿ, ಕೆಲಸ ಮಾಡಬೇಕಾದ ಹಲ್ಲೊಂದೇ ಹೊರಗೆ ಕಾಣುವಂತೆ ಕ್ಲಿಪ್ ಹಾಕಿ ಬಿಗಿಯುತ್ತಾರೆ. 1864ರಲ್ಲಿ ನ್ಯೂಯಾರ್ಕಿನ ದಂತವೈದ್ಯ ಸ್ಯಾನ್‌ಫರ್ಡ್ ಬಾರ್ನಮ್ ಕಂಡುಹಿಡಿದ ಸರಳ ವಿಧಾನವಿದು. ಎಂಜಲಿನ ಬ್ಯಾಕ್ಟೀರಿಯಾ ಹಲ್ಲಿನೊಳಗೆ ಇಳಿಯದಂತೆ, ಒಳಗೆ ಬಳಸುವ ದ್ರವ, ಸಣ್ಣ ಸೂಜಿ ನಿಮ್ಮ ಗಂಟಲಿಗೆ ಜಾರದಂತೆ ಇದು ಕಾಯುತ್ತದೆ. ಕೆಲವು ಕಡೆ ಇದನ್ನು ಬಳಸದೆಯೇ ಕೆಲಸ ಮುಗಿಸುತ್ತಾರೆ. ನನ್ನ ಮಟ್ಟಿಗೆ ಒಳ್ಳೆಯ ರೂಟ್ ಕೆನಾಲ್‌ನ ಮೊದಲ ಗುರುತು ಇದೇ. ‘ರಬ್ಬರ್ ಡ್ಯಾಮ್ ಹಾಕ್ತೀರಾ?’ ಎಂದು ಕೇಳಿ. ಮೂಗು ಕಟ್ಟಿದ್ದರೆ, ರಬ್ಬರ್ ಅಲರ್ಜಿ ಇದ್ದರೆ ಮೊದಲೇ ಹೇಳಿ, ಬೇರೆ ಬಗೆಯ ಹಾಳೆಯೂ ಸಿಗುತ್ತದೆ.

ಈಗ ಕೆಲಸದ ತಿರುಳು. ಹಲ್ಲಿನ ಮೇಲ್ಭಾಗದಲ್ಲಿ ಕಿಂಡಿ ಕೊರೆದು ಕಾಲುವೆಗಳ ಬಾಯಿ ಹುಡುಕುತ್ತಾರೆ. ಮುಂದಿನ ಬಾಚಿ ಹಲ್ಲಿಗೆ ಸಾಮಾನ್ಯವಾಗಿ ಒಂದೇ ಕಾಲುವೆ, ದವಡೆ ಹಲ್ಲಿಗೆ ಮೂರು ಅಥವಾ ನಾಲ್ಕು. ಮೇಲಿನ ಮೊದಲ ದವಡೆ ಹಲ್ಲಿನ ನಾಲ್ಕನೆಯ ಕಾಲುವೆ ಬಲು ಸೂಕ್ಷ್ಮ. ಅದು ಕಣ್ತಪ್ಪಿದರೆ ಒಳಗಿನ ಸೋಂಕು ಅಲ್ಲೇ ಉಳಿದು, ವರ್ಷಗಳ ನಂತರ ಮತ್ತೆ ಕೀವಾಗುತ್ತದೆ. ಡಾಕ್ಟರು ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡೋ ಮೈಕ್ರೋಸ್ಕೋಪಿನಲ್ಲೋ ಬಹಳ ಹೊತ್ತು ಇಣುಕುತ್ತಿದ್ದರೆ ಬೇಸರಿಸಿಕೊಳ್ಳಬೇಡಿ, ಆ ಹೊತ್ತು ನಿಮಗಾಗಿಯೇ ವ್ಯಯವಾಗುತ್ತಿದೆ.

ತುಟಿಗೊಂದು ಕೊಕ್ಕೆ ಸಿಕ್ಕಿಸಿ, ಬೀಪ್ ಬೀಪ್ ಎನ್ನುವ ಪುಟ್ಟ ಯಂತ್ರದಿಂದ ಕಾಲುವೆಯ ಉದ್ದ ಅಳೆಯುತ್ತಾರೆ. ಬೇರಿನ ತುದಿ ದಾಟಿ ಆಚೆ ಹೋಗಬಾರದು, ಈಚೆ ಉಳಿಯಲೂಬಾರದು. ಆಮೇಲೆ ಫೈಲ್ ಎಂಬ ತೆಳು ಸೂಜಿಗಳಿಂದ ಕಾಲುವೆ ಉಜ್ಜಿ ಅಗಲಿಸುತ್ತಾರೆ. ಹಿಂದೆ ಸ್ಟೀಲಿನವು ಮಾತ್ರ ಇದ್ದವು, ಎಲ್ಲವೂ ಕೈಯಲ್ಲೇ. ನಿಕಲ್-ಟೈಟಾನಿಯಂ ಫೈಲುಗಳು ಬಂದ ಮೇಲೆ ಬಾಗಿದ ಬೇರಿನಲ್ಲೂ ಅವು ಬಳುಕಿ ಇಳಿಯುತ್ತವೆ, ಮೋಟಾರಿನಿಂದ ಕೆಲಸ ಬೇಗ ಸಾಗುತ್ತದೆ.

ಆದರೆ ಕಾಲುವೆ ನೇರ ಕೊಳವೆಯಲ್ಲ. ಕವಲು, ಸಂದು, ಅಡ್ಡಹಾದಿ ಎಲ್ಲ ಇವೆ. ಫೈಲು ಮುಟ್ಟದ ಗೋಡೆ ಬಹಳ ಉಳಿಯುತ್ತದೆ. ಅಲ್ಲೆಲ್ಲ ತಲುಪಿ ಬ್ಯಾಕ್ಟೀರಿಯಾ ಕೊಂದು, ಸತ್ತ ತಿರುಳನ್ನು ಕರಗಿಸುವುದು ಸೋಡಿಯಂ ಹೈಪೋಕ್ಲೋರೈಟ್ ದ್ರವ. ಬಟ್ಟೆಯ ಬ್ಲೀಚಿನಲ್ಲಿರುವುದೂ ಇದೇ. ಈಜುಕೊಳದ ವಾಸನೆ ಬಂದರೆ ಅದು ಇದರದ್ದು. ಮತ್ತೆ ಮತ್ತೆ ಹಾಕಿ ತೊಳೆಯುವ ಈ ಕೆಲಸಕ್ಕೆ ಎಷ್ಟು ವ್ಯವಧಾನ ಕೊಡುತ್ತಾರೋ ಅಷ್ಟು ಒಳ್ಳೆಯದು.

ಬಾಚಿ ಹಲ್ಲಾದರೆ ಸುಮಾರು ಒಂದು ಗಂಟೆ, ದವಡೆ ಹಲ್ಲಾದರೆ ಒಂದೂವರೆಯೂ ಆದೀತು. ಬಾಯಿ ತೆರೆದಿಟ್ಟು ದವಡೆ ಸೋಲುವುದು ಸಹಜ. ಕಚ್ಚಿಕೊಳ್ಳಲು ರಬ್ಬರಿನ ಆಸರೆ ಕೊಡಿ ಎಂದು ಕೇಳಬಹುದು.

ಒಂದೇ ಸಿಟ್ಟಿಂಗ್ ಸಾಕೇ?

ಸೋಂಕು ಹೆಚ್ಚಿಲ್ಲದಿದ್ದರೆ ಒಂದೇ ಸಲ ಮುಗಿಸಬಹುದು. ಕೀವು ಇಳಿಯುತ್ತಲೇ ಇದ್ದರೆ, ಹಳೆಯ ಸೋಂಕಾಗಿದ್ದರೆ ಕಾಲುವೆಯೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧವಿಟ್ಟು, ಮೇಲೆ ತಾತ್ಕಾಲಿಕ ಸಿಮೆಂಟ್ ಮುಚ್ಚಿ ಒಂದೆರಡು ವಾರ ಬಿಟ್ಟು ಕರೆಯುತ್ತಾರೆ. ಎರಡೂ ಸರಿಯಾದ ಕ್ರಮಗಳೇ, ‘ಒಂದೇ ದಿನದಲ್ಲಿ’ ಎಂಬ ಬೋರ್ಡು ನೋಡಿ ಡಾಕ್ಟರನ್ನು ಆರಿಸಬೇಡಿ.

ಎರಡನೆಯ ಸಲ ನೋವು ದಾರಿ ತಪ್ಪಿಸುವುದು ಇಲ್ಲಿ. ಬಾತ ತಿರುಳು ಹೊರಬಂದದ್ದರಿಂದ ನೋವು ಇಲ್ಲ, ನಿದ್ದೆ ಬರುತ್ತಿದೆ. ಮನೆಯಲ್ಲಿ ಮದುವೆ, ಆಫೀಸಿನಲ್ಲಿ ಮಾರ್ಚ್ ತಿಂಗಳ ಕೆಲಸ, ಮಕ್ಕಳ ಪರೀಕ್ಷೆ ಎಂದು ಮುಂದಿನ ಸಿಟ್ಟಿಂಗ್ ಮುಂದಕ್ಕೆ ಹೋಗುತ್ತದೆ. ತಾತ್ಕಾಲಿಕ ಸಿಮೆಂಟ್ ಕೆಲವು ವಾರಗಳಿಗಷ್ಟೇ ತಡೆಯುವಂಥದ್ದು. ಅದರ ಅಂಚಿನಿಂದ ಎಂಜಲು ಒಳಗಿಳಿದು ತೊಳೆದ ಕಾಲುವೆಗಳೆಲ್ಲ ಮತ್ತೆ ಮಲಿನವಾಗುತ್ತವೆ. ಕರೆದ ದಿನಕ್ಕೆ ಹೋಗಲಾಗದಿದ್ದರೆ ಫೋನ್ ಮಾಡಿ ಇನ್ನೊಂದು ದಿನ ಗೊತ್ತುಮಾಡಿಕೊಳ್ಳಿ.

ಕೊನೆಯ ಸಿಟ್ಟಿಂಗ್‌ನಲ್ಲಿ ಕಾಲುವೆಗಳನ್ನು ಒಣಗಿಸಿ ಗಟ್ಟಾಪರ್ಚಾ ತುಂಬುತ್ತಾರೆ. ಮಲಯ ದ್ವೀಪಸಮೂಹದ ಮರವೊಂದರ ಹಾಲಿನಿಂದ ಬರುವ, ರಬ್ಬರನ್ನು ಹೋಲುವ ವಸ್ತುವಿದು. ನಮ್ಮ ಸಪೋಟ ಮರವೂ ಅದೇ ಕುಟುಂಬಕ್ಕೆ ಸೇರಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೆ ನೀರು ತಾಗದಂತೆ ಸುತ್ತಿದ್ದು ಇದನ್ನೇ. ದೇಹ ಇದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಬೇಕಾದಾಗ ಹೊರತೆಗೆಯಲೂಬಹುದು.

ಮನೆಗೆ ಬಂದ ಮೇಲೆ

ಮರಗಟ್ಟಿದ್ದು ಇಳಿಯುವವರೆಗೆ ಊಟ ಬೇಡ. ಗೊತ್ತಿಲ್ಲದೆ ತುಟಿ, ಕೆನ್ನೆ ಕಚ್ಚಿಕೊಳ್ಳುತ್ತೀರಿ. ಮಕ್ಕಳಿಗೆ ಚಿಕಿತ್ಸೆಯಾಗಿದ್ದರೆ ಕಣ್ಣಿಟ್ಟಿರಬೇಕು. ಆಮೇಲೆ ಮೊಸರನ್ನ, ಇಡ್ಲಿ, ಉಪ್ಪಿಟ್ಟು, ಮೆತ್ತಗಿನ ಮುದ್ದೆ ಎಲ್ಲ ಆಗುತ್ತದೆ, ಇನ್ನೊಂದು ಬದಿಯಲ್ಲಿ ಅಗಿಯಿರಿ. ಚಕ್ಕುಲಿ, ನಿಪ್ಪಟ್ಟು, ಹುರಿಗಡಲೆ, ಕಬ್ಬು ಕ್ಯಾಪ್ ಬರುವವರೆಗೆ ದೂರವಿರಲಿ. ಹಲ್ಲುಜ್ಜುವುದನ್ನು ನಿಲ್ಲಿಸಬೇಡಿ.

ಎರಡು ಮೂರು ದಿನ, ಕೆಲವರಿಗೆ ಒಂದು ವಾರ, ಕಚ್ಚಿದಾಗ ನೋಯುವುದು ಸಾಮಾನ್ಯ. ಹಲ್ಲಿನೊಳಗೆ ನರ ಇಲ್ಲದಿದ್ದರೂ ಬೇರಿನ ಸುತ್ತಲಿನ ಭಾಗಕ್ಕೆ ನೋವು ತಿಳಿಯುತ್ತದೆ. ಡಾಕ್ಟರು ಬರೆದ ನೋವಿನ ಮಾತ್ರೆ ಸಾಕಾಗುತ್ತದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರು ಐಬುಪ್ರೊಫೆನ್ ಮೊದಲಾದವನ್ನು ಕೇಳದೆ ನುಂಗಬಾರದು. ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿದ್ದರೆ ಸಿಮೆಂಟ್ ತುಸು ಎತ್ತರವಾಗಿದೆ, ಹೋಗಿ ತಗ್ಗಿಸಿಕೊಂಡು ಬನ್ನಿ, ಐದು ನಿಮಿಷದ ಕೆಲಸ. ಸಿಮೆಂಟ್ ಬಿದ್ದುಹೋದರೆ, ನೋವು ದಿನದಿಂದ ದಿನಕ್ಕೆ ಏರಿದರೆ, ಊತ ಬಂದರೆ ಅಂದೇ ಫೋನ್ ಮಾಡಿ.

ಕ್ಯಾಪ್ ಬಿಡಬೇಡಿ

ಹುಳುಕು ಕೊರೆದು, ಕಿಂಡಿ ತೆಗೆದು ಒಳಗೆ ಟೊಳ್ಳಾದ ದವಡೆ ಹಲ್ಲು ಅಗಿಯುವ ಭಾರಕ್ಕೆ ಒಡೆಯುತ್ತದೆ. ಮೇಲಿನ ಮೂಲೆ ಮುರಿದರೆ ಸರಿಪಡಿಸಬಹುದು. ಸೀಳು ಬೇರಿಗೆ ಇಳಿದರೆ ಕೀಳುವುದೊಂದೇ ದಾರಿ, ಅಲ್ಲಿಯವರೆಗಿನ ಚಿಕಿತ್ಸೆ, ಹಣ ಎಲ್ಲವೂ ವ್ಯರ್ಥ. ಹಾಗಾಗಿ ಹಿಂದಿನ ಹಲ್ಲಿಗೆ ಕೆಲವೇ ವಾರಗಳಲ್ಲಿ ಕ್ಯಾಪ್ ಆಗಬೇಕು. ಹೆಚ್ಚು ಹಾಳಾಗಿರದ ಬಾಚಿ ಹಲ್ಲಿಗೆ ಬರೀ ಗಟ್ಟಿ ಸಿಮೆಂಟ್ ಸಾಕಾಗುವುದುಂಟು.

ಒಂದು ದಿನ ಹಲ್ಲು ತೇದು ಅಚ್ಚು ತೆಗೆಯುತ್ತಾರೆ ಅಥವಾ ಸ್ಕ್ಯಾನ್ ಮಾಡುತ್ತಾರೆ, ಇನ್ನೊಂದು ದಿನ ಕ್ಯಾಪ್ ಕೂರಿಸುತ್ತಾರೆ. ಪೂರ್ತಿ ಲೋಹದ್ದು, ಲೋಹದ ಮೇಲೆ ಪಿಂಗಾಣಿ ಹಚ್ಚಿದ್ದು, ಜಿರ್ಕೋನಿಯಾ ಎಂದು ಬಗೆಗಳಿವೆ. ನಕ್ಕಾಗ ಕಾಣದ ಹಿಂದಿನ ಹಲ್ಲಿಗೆ ಲೋಹದ ಕ್ಯಾಪ್ ಅಗ್ಗ, ಅದಕ್ಕಾಗಿ ಹಲ್ಲು ತೇಯುವುದೂ ಕಡಿಮೆ. ದುಬಾರಿಯದೇ ಬೇಕೆಂದೇನೂ ಇಲ್ಲ. ಜಿರ್ಕೋನಿಯಾಕ್ಕೆ ದುಡ್ಡು ಸೇರುವವರೆಗೆ ಎಂದು ಹಲ್ಲನ್ನು ತಿಂಗಳುಗಟ್ಟಲೆ ಬರಿದೇ ಬಿಡುವವರಿಗೆ ನಾನು ಹೇಳುವುದು ಇದನ್ನೇ: ಈಗಲೇ ಲೋಹದ್ದು ಹಾಕಿಸಿ.

ಎಲ್ಲಿ ಮಾಡಿಸುವುದು

ಬಿಡಿಎಸ್ ಓದಿದ ಯಾವುದೇ ದಂತವೈದ್ಯರು ರೂಟ್ ಕೆನಾಲ್ ಮಾಡಬಹುದು. ಬೇರು ಬಹಳ ಬಾಗಿದ್ದರೆ, ಹಿಂದೆ ಮಾಡಿದ್ದು ವಿಫಲವಾಗಿದ್ದರೆ ಈ ವಿಷಯದಲ್ಲೇ ಎಂಡಿಎಸ್ ಮಾಡಿದವರ ಬಳಿ ಹೋಗುವುದು ಮೇಲು. ನೋಂದಣಿಯೇ ಇಲ್ಲದೆ ಸಂತೆ, ಪೇಟೆಗಳಲ್ಲಿ ಹಲ್ಲು ಕಟ್ಟುವವರ ಹತ್ತಿರ ಮಾತ್ರ ಹೋಗಬೇಡಿ.

ಖಾಸಗಿ ಕ್ಲಿನಿಕ್ಕಿನ ಖರ್ಚು ಭರಿಸಲಾಗದವರಿಗೆ ದಂತ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಲ್ಲದೆ ಮೈಸೂರು, ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಬೆಳಗಾವಿಗಳಲ್ಲೂ ಕಾಲೇಜುಗಳಿವೆ. ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ, ಅಧ್ಯಾಪಕರು ಹಂತ ಹಂತಕ್ಕೂ ಬಂದು ನೋಡಿದ ಮೇಲೆಯೇ ಮುಂದಿನದು. ಹೊತ್ತು ಹೆಚ್ಚು, ಓಡಾಟ ಹೆಚ್ಚು, ಖರ್ಚು ಬಹಳ ಕಡಿಮೆ. ರಜೆ ಸಿಗುವವರಿಗೆ, ಹತ್ತಿರದಲ್ಲಿರುವವರಿಗೆ ನಾನು ಧೈರ್ಯವಾಗಿ ಸೂಚಿಸುವ ದಾರಿ ಇದು. ಸಾಮಾನ್ಯ ಆರೋಗ್ಯ ವಿಮೆಗಳು ಅಪಘಾತದ ಹೊರತು ಹಲ್ಲಿನ ಚಿಕಿತ್ಸೆಗೆ ಹಣ ಕೊಡುವುದು ಅಪರೂಪ. ಪಾಲಿಸಿ ತೆಗೆದು ಓದಿ ನೋಡಿ.

ಎಲ್ಲೇ ಮಾಡಿಸಿದರೂ, ಚಿಕಿತ್ಸೆ ಮುಗಿದು ಆರು ತಿಂಗಳು, ಒಂದು ವರ್ಷ ಕಳೆದಾಗ ಮತ್ತೊಂದು ಎಕ್ಸ್-ರೇ ತೆಗೆಸಬೇಕು. ಮೂಳೆ ಕರಗಿದ್ದರಿಂದ ಬೇರಿನ ತುದಿಯಲ್ಲಿ ಕಾಣುತ್ತಿದ್ದ ಕಪ್ಪು ನೆರಳು ಕುಗ್ಗುತ್ತಿದೆಯೇ ಎಂಬುದನ್ನು ನೋವಿನಿಂದ ತಿಳಿಯಲಾಗದು, ಚಿತ್ರವೇ ಹೇಳಬೇಕು. ಮೂಳೆ ಪೂರ್ತಿ ತುಂಬಿಕೊಳ್ಳಲು ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಬಹುಪಾಲು ಹಲ್ಲುಗಳು ವಾಸಿಯಾಗುತ್ತವೆ. ಆಗದಿದ್ದರೆ ಹಳೆಯ ಗಟ್ಟಾಪರ್ಚಾ ತೆಗೆದು ಮತ್ತೊಮ್ಮೆ ತೊಳೆಯಬಹುದು, ಅಥವಾ ಸಣ್ಣ ಶಸ್ತ್ರಚಿಕಿತ್ಸೆಯಿಂದ ಬೇರಿನ ತುದಿ ಕತ್ತರಿಸಿ ಮುಚ್ಚಬಹುದು. ಕೆಲಸದ ನಡುವೆ ಫೈಲು ಮುರಿದು ಒಳಗೇ ಉಳಿದಿದ್ದರೆ ಅದನ್ನು ತಿಳಿಸುವುದು ಡಾಕ್ಟರ ಕರ್ತವ್ಯ. ಅಂಥ ಹಲ್ಲುಗಳಲ್ಲೂ ಅನೇಕವು ಚೆನ್ನಾಗಿಯೇ ಉಳಿಯುತ್ತವೆ. ಚಿಕಿತ್ಸೆಗೆ ಮುಂಚಿನ ಮತ್ತು ಮುಗಿದ ದಿನದ ಎಕ್ಸ್-ರೇಗಳನ್ನು ಕೇಳಿ ಪಡೆದು, ದಿನಾಂಕ ಬರೆದು ಫೋನಿನಲ್ಲಿಟ್ಟುಕೊಳ್ಳಿ. ನಾಳೆ ಊರು ಬದಲಾಗಿ ಬೇರೆ ಡಾಕ್ಟರ ಬಳಿ ಹೋದಾಗ ಅವರು ಮೊದಲು ಕೇಳುವುದು ಅದನ್ನೇ.